ತಲೆ ಎತ್ತಿದವರಿಗೆ ಪೆಟ್ಟು: ಒಂದು ಜಾತ್ರೆಯಾಟದ ರಾಜಕೀಯ

ಎಲ್ಲರಿಗೂ ನಮಸ್ಕಾರ.

ಅಧಿಕಾರದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ಸಂವಿಧಾನ, ನ್ಯಾಯಾಂಗ, ಪೊಲೀಸ್ ವ್ಯವಸ್ಥೆಯಂಥ ಗಂಭೀರ ವಿಷಯಗಳಿದ್ದವು. ನಾನು ಆರಿಸಿಕೊಂಡಿರುವುದು ಮಕ್ಕಳು ಕಿರುಚುತ್ತಾ ಆಡುವ ಒಂದು ಯಂತ್ರವನ್ನು. ವ್ಯಾಕ್-ಎ-ಮೋಲ್ ಎಂದು ಅದರ ಹೆಸರು. ಹೆಸರು ಗೊತ್ತಿಲ್ಲದವರೂ ಅದನ್ನು ಕಂಡಿರುತ್ತೀರಿ. ಸೊಂಟದೆತ್ತರದ ಒಂದು ಪೆಟ್ಟಿಗೆ, ಅದರ ಮೇಲೆ ಐದಾರು ತೂತುಗಳು, ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಮೆತ್ತನೆಯ ಸುತ್ತಿಗೆ. ಮೋಲ್ ಎಂದರೆ ನೆಲದಡಿ ಸುರಂಗ ಕೊರೆದು ಬದುಕುವ, ಚೂಪು ಮೂತಿಯ ಪುಟ್ಟ ಪ್ರಾಣಿ. ಅದರ ಪ್ಲಾಸ್ಟಿಕ್ ತಲೆ ಒಂದು ತೂತಿನಿಂದ ಮೇಲೆ ಬರುತ್ತದೆ. ಹೊಡೆದರೆ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ತೂತಿನಿಂದ ಇನ್ನೊಂದು ತಲೆ.

ಆಡುವವರನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊದಲ ಕೆಲವು ಕ್ಷಣ ನಗು ಇರುತ್ತದೆ. ಆಮೇಲೆ ನಗು ನಿಂತು ಹಲ್ಲು ಕಚ್ಚುವುದು ಶುರುವಾಗುತ್ತದೆ. ಕಣ್ಣು ತೂತುಗಳನ್ನು ಬಿಟ್ಟು ಕದಲುವುದಿಲ್ಲ. ವೇಗ ಹೆಚ್ಚಿದಂತೆ ಸುತ್ತಿಗೆ ತಡವಾಗಿ ಬೀಳುತ್ತದೆ, ಖಾಲಿ ತೂತಿನ ಮೇಲೆ ಬೀಳುತ್ತದೆ, ಕೊನೆಗೆ ಎಲ್ಲಿ ಬೀಳುತ್ತಿದೆ ಎಂಬುದೇ ತಿಳಿಯದೆ ಬೀಳುತ್ತದೆ. ಸುಸ್ತಾಗಿ ನಿಂತವನು ಮೊದಲು ನೋಡುವುದು ಅಂಕ ತೋರಿಸುವ ಫಲಕವನ್ನು. ಮೋಲ್‌ಗಳು ಎಷ್ಟು ಕಡಿಮೆಯಾದವು ಎಂದು ಯಾರೂ ಕೇಳುವುದಿಲ್ಲ. ಒಂದೂ ಕಡಿಮೆಯಾಗಿರುವುದಿಲ್ಲ. ಐದಿದ್ದವು, ಐದೇ ಇವೆ. ಆದರೂ ಅವನು ಗೆದ್ದಿದ್ದಾನೆ.

ಇವತ್ತು ನಾನು ಹೇಳಬೇಕೆಂದಿರುವುದು ಈ ವಿಚಿತ್ರ ಗೆಲುವಿನ ಬಗ್ಗೆ. ಈ ಯಂತ್ರ ಎಣಿಸುವುದು ಹೊಡೆತಗಳನ್ನು, ಫಲಿತಾಂಶವನ್ನಲ್ಲ. ಅಧಿಕಾರ ನಡೆಸುವವರಿಗೂ ಇದೇ ಲೆಕ್ಕದ ಚಟ ಬಹಳ ಬೇಗ ಹತ್ತುತ್ತದೆ.

ಯಂತ್ರದ ಹುಟ್ಟಿನ ಕಥೆ ಚಿಕ್ಕದು. 1975ರಲ್ಲಿ ಜಪಾನಿನ ತೋಗೋ ಕಂಪನಿ 'ಮೊಗುರಾ ತೈಜಿ' ಎಂಬ ಆಟವನ್ನು ಹೊರತಂದಿತು. ವಿನ್ಯಾಸ ಕಜುವೊ ಯಮಾಡಾ ಅವರದು. ಮರುವರ್ಷದ ಹೊತ್ತಿಗೆ ಅಮೆರಿಕದ ಫ್ಲಾರಿಡಾದಲ್ಲಿ ಏರನ್ ಫೆಕ್ಟರ್ ಎಂಬ ತಂತ್ರಜ್ಞ ಒತ್ತಡದ ಗಾಳಿಯಿಂದ ತಲೆಗಳನ್ನು ಮೇಲೆ ಕೆಳಗೆ ಆಡಿಸುವ ಯಂತ್ರ ಮಾಡಿದರು. ಅದೇ ರಾಜ್ಯದ ಬಾಬ್ಸ್ ಸ್ಪೇಸ್ ರೇಸರ್ಸ್ ಕಂಪನಿ ಅದನ್ನು ಜಾತ್ರೆಗಳಿಗೆ ಒಗ್ಗುವಂತೆ ತಿದ್ದಿ ಮಾರಿತು. ಅಲ್ಲಿಂದಾಚೆಗೆ ಅದು ಹೋಗದ ಊರಿಲ್ಲ. ಆದರೆ ಮೋಲ್‌ಗೆ ಹೊಡೆಯುವ ಆಸೆ ಯಂತ್ರಕ್ಕಿಂತ ಬಹಳ ಹಳೆಯದು. ಜಪಾನಿನ ಕ್ಯೂಶೂ ದ್ವೀಪದ ಹಳ್ಳಿಗಳಲ್ಲಿ ಜನವರಿ ಮಧ್ಯದಲ್ಲಿ ಮಕ್ಕಳು ಕೋಲಿನ ತುದಿಗೆ ಹುಲ್ಲಿನ ಕಂತೆ ಕಟ್ಟಿಕೊಂಡು ಮನೆಮನೆಯ ಅಂಗಳದಲ್ಲಿ ನೆಲವನ್ನು ಬಡಿಯುತ್ತಾ ಹೋಗುವ ಪದ್ಧತಿ ಇದೆ. ಬೆಳೆಗೆ ಕಾಟ ಕೊಡುವ ಮೋಲ್‌ಗಳು ಓಡಿಹೋಗಲಿ, ಸುಗ್ಗಿ ಚೆನ್ನಾಗಿ ಬರಲಿ ಎಂಬುದು ಆಶಯ. ಆ ಮಕ್ಕಳಿಗೆ ಮನೆಯವರು ತಿಂಡಿಯನ್ನೋ ಚಿಲ್ಲರೆ ಹಣವನ್ನೋ ಕೊಡುತ್ತಾರೆ. ನೆಲದ ಮೇಲೆ ಸದ್ದು ಮಾಡಿದ್ದಕ್ಕೆ ಸಂಭಾವನೆ. ನೆಲದಡಿ ಏನಾಯಿತೆಂದು ಯಾರೂ ಅಗೆದು ನೋಡುವುದಿಲ್ಲ, ಹಬ್ಬದ ದಿನ ಹಾಗೆ ನೋಡುವುದು ಸಭ್ಯತೆಯೂ ಅಲ್ಲ.

ಅಂದ ಹಾಗೆ, ನಿಜವಾದ ಮೋಲ್ ಮಾಡಿದ ಅಪರಾಧವಾದರೂ ಏನು? ಅದು ಬೇರು ತಿನ್ನುವ ಪ್ರಾಣಿಯಲ್ಲ. ಅದರ ಮುಖ್ಯ ಆಹಾರ ಎರೆಹುಳು. ಹೆಚ್ಚಿನ ಜಾತಿಯ ಮೋಲ್‌ಗಳು ಒಂಟಿಯಾಗಿ ಬದುಕುತ್ತವೆ. ಹುಲ್ಲುಹಾಸಿನ ಮೇಲೆ ಹತ್ತು ಮಣ್ಣಿನ ಗುಪ್ಪೆ ಕಂಡರೆ ಕೆಳಗೆ ಹತ್ತು ಪ್ರಾಣಿ ಇವೆ ಎಂದಲ್ಲ, ಒಂದೇ ಪ್ರಾಣಿ ತನ್ನ ಸುರಂಗದ ಮಣ್ಣನ್ನು ಹತ್ತು ಕಡೆ ಹೊರಹಾಕಿದೆ ಎಂದೂ ಇರಬಹುದು. ರೈತನಿಗೆ ಅದರಿಂದ ನಿಜವಾದ ತೊಂದರೆ ಇದೆ: ಬೇರಿನ ಬುಡ ಸಡಿಲವಾಗುತ್ತದೆ, ಸಸಿ ಒಣಗುತ್ತದೆ. ಆದರೆ ನಯವಾದ ಹುಲ್ಲುಹಾಸಿನ ಒಡೆಯನ ದೂರು ಬೇರೆ. ಸಮತಟ್ಟಾಗಿರಬೇಕಾದದ್ದು ಸಮತಟ್ಟಾಗಿಲ್ಲ, ಅಷ್ಟೇ. ಆಡಳಿತಗಾರನ ಸಿಟ್ಟಿನಲ್ಲಿ ಬಹುಪಾಲು ಈ ಎರಡನೆಯ ಜಾತಿಯದು ಎಂಬುದು ನನ್ನ ಗುಮಾನಿ. ಬೀದಿ ಬದಿಯ ವ್ಯಾಪಾರಿಯನ್ನು ಎಬ್ಬಿಸುವಾಗ, ಗೋಡೆಬರಹ ಅಳಿಸುವಾಗ, ಸೇತುವೆಯಡಿ ಮಲಗಿದವರನ್ನು ಮುಂದೆ ಸಾಗಹಾಕುವಾಗ ಕೆಲಸ ಮಾಡುವುದು ಹುಲ್ಲುಹಾಸಿನ ಮನಸ್ಸು. ಅವರು ಮುಂದಿನ ತಿರುವಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಹೋಗುವುದಾದರೂ ಎಲ್ಲಿಗೆ?

ಅಧಿಕಾರಸ್ಥರಿಗೆ ಮೋಲ್ ಕಂಡರೆ ಅಳುಕು ಇರಲು ಐತಿಹಾಸಿಕ ಕಾರಣವೂ ಒಂದಿದೆ. ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂ 1702ರಲ್ಲಿ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡ, ಕೆಲವೇ ದಿನಗಳಲ್ಲಿ ತೀರಿಕೊಂಡ. ಕುದುರೆ ಮುಗ್ಗರಿಸಿದ್ದು ಮೋಲ್ ಎಬ್ಬಿಸಿದ ಗುಪ್ಪೆಗೆ ಕಾಲು ತಾಗಿ ಎಂದು ಹೇಳಲಾಯಿತು. ಅವನು ಪದಚ್ಯುತಗೊಳಿಸಿದ್ದ ಜೇಮ್ಸ್ ದೊರೆಯ ಬೆಂಬಲಿಗರು ಬಹುಕಾಲ 'ಕಪ್ಪು ಮಖಮಲ್ಲಿನ ಪುಟ್ಟ ಮಹನೀಯ'ನ ಹೆಸರಿನಲ್ಲಿ ಮದ್ಯದ ಬಟ್ಟಲು ಎತ್ತುತ್ತಿದ್ದರು. ರಾಜದ್ರೋಹದ ಮಾತಾಡದೆ ರಾಜದ್ರೋಹ ಮಾಡುವ ಜಾಣತನ ಅದು. ಮುಂದೆ 19ನೇ ಶತಮಾನದ ಯುರೋಪಿನ ಕ್ರಾಂತಿಕಾರಿ ಬರಹಗಳಲ್ಲಿ ಕ್ರಾಂತಿಯೇ ನೆಲದಡಿ ಸದ್ದಿಲ್ಲದೆ ಅಗೆಯುವ ಮುದಿ ಮೋಲ್ ಆಯಿತು. ಹಾಗಾಗಿ ಈ ಪ್ರಾಣಿಯ ತಲೆಯ ಮೇಲೆ ಸುತ್ತಿಗೆ ಬೀಳುವುದು ಪೂರ್ತಿ ಮುಗ್ಧ ಚಿತ್ರವೇನೂ ಅಲ್ಲ.

ಈಗ ಲೆಕ್ಕದ ಮಾತಿಗೆ ಬರುತ್ತೇನೆ. 1902ರ ಹನೋಯ್, ಇಂದಿನ ವಿಯೆಟ್ನಾಮಿನ ರಾಜಧಾನಿ. ಫ್ರೆಂಚ್ ವಸಾಹತು ಆಡಳಿತ ತನ್ನ ಬಿಳಿಯರ ಬಡಾವಣೆಗೆ ಆಧುನಿಕ ಒಳಚರಂಡಿ ಕಟ್ಟಿಸಿತ್ತು. ನಾಗರಿಕತೆಯ ಹೆಮ್ಮೆಯ ಆ ಕೊಳವೆಗಳು ಇಲಿಗಳಿಗೆ ಬೆಚ್ಚನೆಯ ಅರಮನೆಯಾದವು. ಶೌಚಾಲಯಗಳ ಮೂಲಕ ಇಲಿಗಳು ಒಳ್ಳೊಳ್ಳೆಯ ಮನೆಗಳೊಳಗೆ ತಲೆ ಎತ್ತತೊಡಗಿದವು. ಪ್ಲೇಗಿನ ಭಯ ಬೇರೆ. ಮೊದಲು ಕೂಲಿಗಾರರನ್ನು ಚರಂಡಿಗಿಳಿಸಿ ಕೊಲ್ಲಿಸಿದರು. ಒಂದೊಂದು ದಿನ ಸಾವಿರಾರು ಇಲಿಗಳು ಸತ್ತವು, ಸಂಖ್ಯೆ ತಗ್ಗಲಿಲ್ಲ. ಆಮೇಲೆ ಸಾರ್ವಜನಿಕರಿಗೆ ಬಹುಮಾನ ಘೋಷಿಸಿದರು. ಇಡೀ ಇಲಿಯನ್ನು ತಂದು ರಾಶಿ ಹಾಕಿದರೆ ಕಚೇರಿ ನಾರುತ್ತದಲ್ಲ, ಹಾಗಾಗಿ ಬಾಲ ತಂದರೆ ಸಾಕು ಎಂದರು. ಬಾಲಗಳು ಬಂದವು, ಎಣಿಸಿದರು, ಹಣ ಕೊಟ್ಟರು, ದಾಖಲೆ ಪುಸ್ತಕ ತುಂಬಿತು. ಸ್ವಲ್ಪ ದಿನದಲ್ಲೇ ಊರಲ್ಲಿ ಬಾಲವಿಲ್ಲದ ಇಲಿಗಳು ಆರಾಮವಾಗಿ ಓಡಾಡುವುದು ಅಧಿಕಾರಿಗಳ ಕಣ್ಣಿಗೆ ಬಿತ್ತು. ಜನ ಇಲಿ ಹಿಡಿದು, ಬಾಲ ಕತ್ತರಿಸಿ, ಮರಿ ಹಾಕಲೆಂದು ಬಿಟ್ಟುಬಿಡುತ್ತಿದ್ದರು. ಊರಾಚೆ ಕೆಲವರು ಇಲಿ ಸಾಕಣೆಯನ್ನೇ ಶುರುಮಾಡಿದ್ದರು. ಬಹುಮಾನ ರದ್ದಾಯಿತು.

ಇದನ್ನು ಕೇಳಿ ನೀವು ನಗುತ್ತಿದ್ದೀರಿ, ನಗಬೇಕಾದ ಕಥೆಯೇ. ಆದರೆ ಇಲ್ಲಿ ಮೋಸ ಮಾಡಿದವರು ಯಾರು ಎಂದು ನಿಂತು ಯೋಚಿಸಿ. ಆಡಳಿತ ಕೇಳಿದ್ದು ಬಾಲ, ಜನ ಕೊಟ್ಟದ್ದು ಬಾಲ. ಇಲಿ ಕಡಿಮೆಯಾಗಬೇಕು ಎಂಬುದು ಆಡಳಿತದ ಆಸೆಯಾಗಿತ್ತೇ ಹೊರತು ಅದರ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಇದೇ ಲೆಕ್ಕ ಮನುಷ್ಯರ ಮೇಲೆ ನಡೆದಾಗ ನಗುವುದಕ್ಕೆ ಆಗುವುದಿಲ್ಲ. ಕೊಲಂಬಿಯಾದಲ್ಲಿ ಸೇನೆ ಗೆರಿಲ್ಲಾಗಳ ವಿರುದ್ಧ ದಶಕಗಳ ಕಾಲ ಹೋರಾಡಿತು. ಎಷ್ಟು ಶತ್ರುಗಳು ಹತರಾದರು ಎಂಬುದೇ ತುಕಡಿಗಳ ಸಾಧನೆಯ ಅಳತೆಗೋಲಾಯಿತು. ಹೆಚ್ಚು ಹೆಣ ತೋರಿಸಿದವರಿಗೆ ರಜೆ, ಪದಕ, ಬಡ್ತಿ. ಆಗ ಕೆಲವು ತುಕಡಿಗಳು ಬಡ ಬಡಾವಣೆಗಳಿಂದ ಯುವಕರನ್ನು ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು, ಕೊಂದು, ಗೆರಿಲ್ಲಾ ಸಮವಸ್ತ್ರ ತೊಡಿಸಿ ಲೆಕ್ಕಕ್ಕೆ ಸೇರಿಸಿದವು. ಶಾಂತಿ ಒಪ್ಪಂದದ ನಂತರ ರಚನೆಯಾದ ವಿಶೇಷ ನ್ಯಾಯಮಂಡಳಿ 2021ರಲ್ಲಿ ಹೇಳಿದ ಪ್ರಕಾರ 2002ರಿಂದ 2008ರ ನಡುವೆ ಹೀಗೆ ಕೊಲ್ಲಲ್ಪಟ್ಟವರು ಕನಿಷ್ಠ 6,402 ಜನ. ಗುರುತು ಹಿಡಿದು ಮಗನನ್ನು ಹುಡುಕಿಕೊಂಡು ಬಂದ ತಾಯಂದಿರು ಪಟ್ಟು ಬಿಡದಿದ್ದರೆ ಆ ಕೊಲೆಗಳು ಇವತ್ತಿಗೂ ಯಶಸ್ವಿ ಕಾರ್ಯಾಚರಣೆಗಳಾಗಿ ಉಳಿದಿರುತ್ತಿದ್ದವು. ಮೋಲ್ ಸಿಗದಿದ್ದಾಗ ಸುತ್ತಿಗೆ ಮೋಲ್ ಅನ್ನು ತಯಾರಿಸಿಕೊಳ್ಳುತ್ತದೆ. ಇಡೀ ಉಪನ್ಯಾಸದಲ್ಲಿ ಒಂದೇ ಉದಾಹರಣೆ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳುತ್ತೇನೆ.

ಜಾತ್ರೆಯ ಅಂಗಡಿಗೆ ವಾಪಸು ಹೋಗೋಣ. ಅಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ, ಅವನನ್ನು ನಾವು ಇನ್ನೂ ನೋಡಿಲ್ಲ. ಕೈಯಲ್ಲಿ ಮೈಕ್ ಹಿಡಿದು, ಗುಂಡಿ ಒತ್ತಿ ಆಟ ಶುರುಮಾಡುವ ಅಂಗಡಿಯವನು. ಜಾತ್ರೆಗಳಲ್ಲಿ ಈ ಆಟ ಸಾಮಾನ್ಯವಾಗಿ ಸಾಲು ಪೆಟ್ಟಿಗೆಗಳಲ್ಲಿ ನಡೆಯುತ್ತದೆ. ಹಲವರು ಏಕಕಾಲಕ್ಕೆ ಹೊಡೆಯುತ್ತಾರೆ, ಮೊದಲು ಗುರಿ ಮುಟ್ಟಿದವನಿಗೆ ಗೊಂಬೆ. ಪ್ರತಿ ಸುತ್ತಿಗೂ ಒಬ್ಬ ವಿಜೇತ ಗ್ಯಾರಂಟಿ ಎಂದು ಅವನು ಕೂಗುತ್ತಾನೆ, ಅದು ಸುಳ್ಳಲ್ಲ. ಆಡುವವರು ಹೆಚ್ಚಿದ್ದರೆ ಗೊಂಬೆ ದೊಡ್ಡದು, ಕಡಿಮೆ ಇದ್ದರೆ ಚಿಕ್ಕದು. ಎಲ್ಲರ ಶುಲ್ಕ ಸೇರಿದರೆ ಗೊಂಬೆಯ ಬೆಲೆಗಿಂತ ಹೆಚ್ಚಾಗುವಂತೆ ಅವನು ನೋಡಿಕೊಂಡಿರುತ್ತಾನೆ. ಯಾರೂ ಮೋಲ್ ವಿರುದ್ಧ ಆಡುತ್ತಿಲ್ಲ, ಪಕ್ಕದವನ ವಿರುದ್ಧ ಆಡುತ್ತಿದ್ದಾರೆ. ಮೋಲ್ ವಿರುದ್ಧ ಆಡುತ್ತಿದ್ದೇನೆ ಎಂಬ ಭ್ರಮೆ ಮಾತ್ರ ಪ್ರತಿಯೊಬ್ಬರಿಗೂ ಇದೆ. ಚುನಾವಣೆಯ ಹೊತ್ತಿಗೆ ಯಾರು ಹೆಚ್ಚು ಕಠಿಣ, ಯಾರ ಕೈ ಹೆಚ್ಚು ಗಟ್ಟಿ ಎಂದು ಪಕ್ಷಗಳು ಪೈಪೋಟಿಗೆ ಬಿದ್ದಾಗ ನನಗೆ ಈ ಸಾಲು ಪೆಟ್ಟಿಗೆಗಳೇ ಕಣ್ಣಿಗೆ ಕಟ್ಟುತ್ತವೆ.

ಯಂತ್ರದ ವೇಗ, ಯಾವ ತೂತಿನಿಂದ ಯಾವಾಗ ತಲೆ ಏಳಬೇಕು, ಆಟ ಯಾವಾಗ ನಿಲ್ಲಬೇಕು ಎಂಬುದೆಲ್ಲ ಯಂತ್ರದೊಳಗೆ ಮೊದಲೇ ತೀರ್ಮಾನವಾಗಿದೆ. ಸುತ್ತಿಗೆ ಹಿಡಿದವನಿಗೆ ಮಾತ್ರ ತಾನು ಆಳುತ್ತಿದ್ದೇನೆ ಎನಿಸುತ್ತದೆ. ಕೆಳಹಂತದ ಪೇದೆಯನ್ನು, ತೆರವು ಕಾರ್ಯಾಚರಣೆಗೆ ಕಳಿಸಿದ ಗುಮಾಸ್ತನನ್ನು ನಾನು ಹಾಗೆಯೇ ನೋಡುತ್ತೇನೆ. ಬೈಗುಳ ತಿನ್ನುವುದು ಅವರು, ಬೆವರು ಸುರಿಸುವುದು ಅವರು. ಗುಂಡಿ ಇರುವ ಜಾಗಕ್ಕೆ ಅವರ ಕೈ ಎಟುಕುವುದಿಲ್ಲ.

ಗುರಿಯ ಜಾಗದಲ್ಲಿ ಯಾರನ್ನು ನಿಲ್ಲಿಸುತ್ತೇವೆ ಎಂಬುದರ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ತಲೆಗೆ ಹೊಡೆಯುವುದರಿಂದ ಯಾರಿಗೂ ನೋವಾಗುವುದಿಲ್ಲ ಎಂದು ನೀವು ಹೇಳಬಹುದು. ಅದು ನಿಜ, ಆದರೆ ಈ ಸೌಮ್ಯತೆ ಜಾತ್ರೆಗೆ ತಡವಾಗಿ ಬಂದದ್ದು. 19ನೇ ಶತಮಾನದ ಕೊನೆಯಿಂದ ಹಲವು ದಶಕ ಅಮೆರಿಕದ ಜಾತ್ರೆಗಳಲ್ಲಿ 'ಆಫ್ರಿಕನ್ ಡಾಡ್ಜರ್' ಎಂಬ ಆಟ ಜನಪ್ರಿಯವಾಗಿತ್ತು. ಚಿತ್ರ ಬರೆದ ಪರದೆಯಲ್ಲಿ ಒಂದು ತೂತು. ಅದರಿಂದ ಕಪ್ಪು ಜನಾಂಗದ ಒಬ್ಬ ಮನುಷ್ಯ ತಲೆ ಹೊರಹಾಕಿ ನಿಲ್ಲಬೇಕು. ಹಣ ಕೊಟ್ಟವರು ಅವನ ತಲೆಗೆ ಗುರಿಯಿಟ್ಟು ಚೆಂಡೆಸೆಯಬೇಕು. ತಪ್ಪಿಸಿಕೊಳ್ಳುವುದು ಅವನ ಕೆಲಸ. ಕೆಲವೊಮ್ಮೆ ಗಟ್ಟಿ ಬೇಸ್‌ಬಾಲ್ ಚೆಂಡುಗಳನ್ನೇ ಎಸೆದರು, ಗಂಭೀರ ಗಾಯಗಳಾದವು. ಕುಟುಂಬ ಸಮೇತ ಬಂದವರು ಇದನ್ನು ನೋಡಿ ಚಪ್ಪಾಳೆ ತಟ್ಟಿದರು. ಫ್ರಾನ್ಸಿನ ಜಾತ್ರೆಗಳಲ್ಲಿ ಚೆಂಡೆಸೆದು ಉರುಳಿಸುವ ಗೊಂಬೆಗಳ ಸಾಲಿನಲ್ಲಿ ಮದುಮಗ, ಮದುಮಗಳು, ಅತ್ತೆಯ ಜೊತೆಗೆ ಪೊಲೀಸನೂ ಇರುತ್ತಿದ್ದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪೊಲೀಸನಿಗೆ ಹೊಡೆಯಬೇಕೆಂದರೆ ಅವನು ಗೊಂಬೆಯಾಗಿರಬೇಕು. ಯಾರಿಂದಲೂ ಪ್ರಶ್ನೆ ಬರುವುದಿಲ್ಲ ಎಂಬ ಖಾತ್ರಿ ಇರುವವನ ವಿಷಯದಲ್ಲಿ ಮಾತ್ರ ಜೀವಂತ ತಲೆ ನಡೆಯುತ್ತದೆ.

ಹೊಡೆತ ತಿಂದವನು ತಿರುಗಿಬಿದ್ದರೆ? ಜಪಾನಿನ ನ್ಯಾಮ್ಕೊ ಕಂಪನಿ 1980ರ ದಶಕದ ಕೊನೆಯಲ್ಲಿ ತಂದ 'ವಾನಿ ವಾನಿ ಪ್ಯಾನಿಕ್' ಆಟದಲ್ಲಿ ಮೋಲ್ ಬದಲು ಮೊಸಳೆಗಳಿವೆ. ಅವು ತೂತಿನಲ್ಲಿ ಇಣುಕಿ ಮಾಯವಾಗುವುದಿಲ್ಲ, ನಿಮ್ಮತ್ತ ಸರಿದು ಬರುತ್ತವೆ, ಗೆರೆ ದಾಟಿದರೆ ಕಚ್ಚಿದ ಲೆಕ್ಕ. ಆಟ ಮುಂದುವರಿದಂತೆ 'ಇನ್ನು ಸಿಟ್ಟು ಬಂತು' ಎಂಬರ್ಥದ ಮಾತು ಕೇಳಿಸುತ್ತದೆ, ಆಮೇಲೆ ಅವುಗಳ ವೇಗ ನೋಡಬೇಕು. ಮೂಲ ಆಟಕ್ಕಿಂತ ಇದು ಸಮಾಜಶಾಸ್ತ್ರಕ್ಕೆ ಹೆಚ್ಚು ಹತ್ತಿರ ಎಂದು ನನಗೆ ಅನಿಸುವುದುಂಟು.

ರಾಜಕಾರಣಿಗಳು ಈ ಆಟವನ್ನು ತಾವಾಗಿಯೇ ಬಾಯಿಗೆ ತಂದುಕೊಂಡಿದ್ದಾರೆ. 2006ರ ಆಗಸ್ಟಿನಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್, ಇರಾಕಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಸೈನ್ಯ ಸಾಗಿಸುತ್ತಿದ್ದ ಸೇನಾಧಿಕಾರಿಗಳನ್ನು ಸೆನೆಟ್ ಸಮಿತಿಯೆದುರು ಪ್ರಶ್ನಿಸುತ್ತಾ, ನಾವು ವ್ಯಾಕ್-ಎ-ಮೋಲ್ ಆಡುತ್ತಿದ್ದೇವೆ ಎಂಬುದೇ ನನ್ನ ಚಿಂತೆ ಎಂದರು. 2020ರ ಬೇಸಿಗೆಯಲ್ಲಿ ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್, ಕೊರೊನಾ ಸೋಂಕು ಎಲ್ಲಿ ತಲೆ ಎತ್ತುತ್ತದೋ ಅಲ್ಲಿಯೇ ಬಡಿಯುವುದು ತಮ್ಮ ಸರ್ಕಾರದ ಕಾರ್ಯತಂತ್ರ ಎಂದು ಇದೇ ಆಟದ ಹೆಸರು ಹೇಳಿದರು. ಒಬ್ಬರಿಗೆ ಅದು ಎಚ್ಚರಿಕೆ, ಇನ್ನೊಬ್ಬರಿಗೆ ಭರವಸೆ. ಜೂನ್ ಕೊನೆಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಲೆಸ್ಟರ್ ನಗರದ ಮೇಲೆ. ದೇಶದ ಉಳಿದ ಭಾಗ ತೆರೆದುಕೊಳ್ಳುವಾಗ ಆ ಊರು ಮುಚ್ಚಿತು. ಅದೇ ವಾರಗಳಲ್ಲಿ, ಅಲ್ಲಿನ ಕೆಲವು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕನಿಷ್ಠ ವೇತನಕ್ಕಿಂತ ಬಹಳ ಕಡಿಮೆ ಕೂಲಿಗೆ ಇಕ್ಕಟ್ಟಿನಲ್ಲಿ ದುಡಿಸಿಕೊಳ್ಳಲಾಗುತ್ತಿದೆ ಎಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಆ ಆರೋಪಗಳು ಹೊಸವೇನೂ ಅಲ್ಲ, ವರ್ಷಗಳಿಂದ ಇದ್ದವು. ಸೋಂಕು ತಲೆ ಎತ್ತಿದ್ದರಿಂದ ಪೆಟ್ಟಿಗೆಯ ಒಳಗಡೆ ಏನಿದೆ ಎಂದು ನೋಡುವ ಪುರುಸೊತ್ತು ಕೆಲವರಿಗೆ ಬಂತು.

ಹಾಗಾದರೆ ಹೊಡೆಯುವುದೆಲ್ಲ ವ್ಯರ್ಥವೇ ಎಂದು ಕೇಳುತ್ತೀರಿ. ಅಲ್ಲ. ಈ ಆಟದ ರೂಪಕದ ತೊಂದರೆಯೇ ಇದು: ಎಲ್ಲ ಪ್ರಯತ್ನವನ್ನೂ ಗೇಲಿ ಮಾಡಿ ಕೈಕಟ್ಟಿ ಕೂರಲು ಅದು ಸೋಮಾರಿಗಳಿಗೆ ನೆಪ ಕೊಡುತ್ತದೆ. ಸಿಡುಬಿನ ಕಥೆ ನೆನಪು ಮಾಡಿಕೊಳ್ಳಿ. ಎಲ್ಲಿ ಒಬ್ಬ ರೋಗಿ ಕಂಡರೂ ಅಲ್ಲಿಗೆ ಓಡುವುದು, ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವುದು, ಮತ್ತೊಂದು ಕಡೆ ಕಂಡರೆ ಅಲ್ಲಿಗೆ ಓಡುವುದು. ನೋಡಲು ತದ್ವತ್ ಇದೇ ಆಟ. 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯ ಅಡುಗೆಯವನೊಬ್ಬನಿಗೆ ಬಂದದ್ದೇ ನೈಸರ್ಗಿಕವಾಗಿ ಹರಡಿದ ಕೊನೆಯ ಪ್ರಕರಣ. 1980ರಲ್ಲಿ ಲೋಕ ಸಿಡುಬುಮುಕ್ತ ಎಂದು ಘೋಷಣೆಯಾಯಿತು. ಅಲ್ಲಿ ಸುತ್ತಿಗೆ ಗೆದ್ದಿತು, ಯಾಕೆಂದರೆ ಪೆಟ್ಟಿಗೆಯೊಳಗಿನ ರಚನೆ ಗೊತ್ತಿತ್ತು. ಸಿಡುಬಿಗೆ ಮನುಷ್ಯನ ಹೊರತು ಬೇರೆ ಪ್ರಾಣಿಯಲ್ಲಿ ನೆಲೆಯಿಲ್ಲ, ರೋಗಿಯ ಮುಖದ ಮೇಲೆಯೇ ಗುರುತು ಕಾಣುತ್ತದೆ, ಲಸಿಕೆ ಪರಿಣಾಮಕಾರಿ. ಜೊತೆಗೆ ಲಸಿಕೆ ತಂಡದವರು ಲೆಕ್ಕ ಹಾಕುತ್ತಿದ್ದುದು ಹಾಕಿದ ಲಸಿಕೆಯನ್ನಷ್ಟೇ ಅಲ್ಲ, ಉಳಿದ ರೋಗಿಗಳನ್ನು. ಫಲಕದಲ್ಲಿ ಅಂಕ ಇಳಿಯುತ್ತಾ ಸೊನ್ನೆಗೆ ಬರಬೇಕಿತ್ತು.

ಮಾದಕವಸ್ತುಗಳ ವಿಷಯದಲ್ಲಿ ಹಾಗಾಗಲಿಲ್ಲ. 1993ರ ಡಿಸೆಂಬರಿನಲ್ಲಿ ಕೊಲಂಬಿಯಾದ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್ ಹತನಾದ, ಅವನ ಮೆಡೆಲಿನ್ ಜಾಲ ಕುಸಿಯಿತು, ಕಾಲಿ ಜಾಲ ಆ ಜಾಗ ತುಂಬಿತು. ಪೆರು, ಬೊಲಿವಿಯಾಗಳಲ್ಲಿ ಕೊಕೇನ್‌ನ ಮೂಲವಾದ ಕೋಕಾ ಬೆಳೆ ನಾಶಮಾಡಿದರೆ ಕೊಲಂಬಿಯಾದಲ್ಲಿ ಹೆಚ್ಚಿತು. ಅಂತರ್ಜಾಲದಲ್ಲೂ ಇದೇ ಹಾಡು: ಸ್ವೀಡನ್ನಿನ ಪೊಲೀಸರು 2006ರ ಮೇ ಕೊನೆಯಲ್ಲಿ ಸಿನಿಮಾ, ಹಾಡುಗಳ ನಕಲು ಹಂಚಿಕೆಗೆ ಹೆಸರಾದ 'ಪೈರೇಟ್ ಬೇ' ತಾಣದ ಸರ್ವರ್‌ಗಳನ್ನು ಜಪ್ತಿ ಮಾಡಿದರೆ ಅದು ಮೂರೇ ದಿನದಲ್ಲಿ ಮತ್ತೆ ತೆರೆದುಕೊಂಡಿತು.

ಕೊನೆಯದಾಗಿ ಟರ್ಕಿಯ ವಿಷಯ ಹೇಳಿ ಮುಗಿಸುತ್ತೇನೆ, ಪ್ರಶ್ನೆಗಳಿಗೆ ಸಮಯ ಬೇಕು. 1970ರ ಹೊತ್ತಿಗೆ ಅಮೆರಿಕದ ಹೆರಾಯಿನ್‌ನ ದೊಡ್ಡ ಪಾಲು ಟರ್ಕಿಯ ಅಫೀಮಿನಿಂದ ಬರುತ್ತದೆ ಎಂದು ನಿಕ್ಸನ್ ಸರ್ಕಾರ ತೀರ್ಮಾನಿಸಿತ್ತು. ಅದರ ಒತ್ತಡಕ್ಕೆ ಮಣಿದು 1971ರಲ್ಲಿ ಟರ್ಕಿ ಅಫೀಮಿನ ಮೂಲವಾದ ಗಸಗಸೆ ಬೆಳೆಯನ್ನು ನಿಷೇಧಿಸಿತು. ರೈತರ ನಷ್ಟ ತುಂಬಲೆಂದು ಅಮೆರಿಕ ಸುಮಾರು 3.5 ಕೋಟಿ ಡಾಲರ್ ಕೊಡಲು ಒಪ್ಪಿತು. ಪೆಟ್ಟು ಸರಿಯಾಗಿಯೇ ಬಿತ್ತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬೀದಿಗಳಲ್ಲಿ ಮೆಕ್ಸಿಕೋದ ಹೆರಾಯಿನ್ ತುಂಬಿಕೊಂಡಿತು. ಇತ್ತ ಗಸಗಸೆಯ ಎಣ್ಣೆ, ಬೀಜ, ಮೇವು ಎಲ್ಲವನ್ನೂ ಆ ಬೆಳೆಯಿಂದಲೇ ಪಡೆಯುತ್ತಿದ್ದ ಅನಟೋಲಿಯಾದ ರೈತರಿಗೆ ಪರಿಹಾರದ ಹಣ ಸಾಲಲಿಲ್ಲ. 1974ರಲ್ಲಿ ಬುಲೆಂಟ್ ಎಜೆವಿಟ್ ಸರ್ಕಾರ ನಿಷೇಧವನ್ನು ತೆಗೆಯಿತು. ಆದರೆ ಹಳೆಯ ಪದ್ಧತಿಗೆ ಮರಳಲಿಲ್ಲ. ಹಸಿ ಕಾಯಿಗೆ ಗೀರು ಹಾಕಿ ಅಫೀಮು ಇಳಿಸುವುದಕ್ಕೆ ಅವಕಾಶವಿಲ್ಲ. ಪರವಾನಗಿ ಪಡೆದ ರೈತ ಗಸಗಸೆಯನ್ನು ಒಣಗಲು ಬಿಟ್ಟು, ಬೀಜ ತಾನಿಟ್ಟುಕೊಂಡು, ಗೀರಿಲ್ಲದ ಒಣಕಾಯಿಯನ್ನು ಸರ್ಕಾರಿ ಸಂಸ್ಥೆಗೆ ಮಾರಬೇಕು. ಆ ಕಾಯಿಯಿಂದ ಮಾರ್ಫಿನ್ ಎಂಬ ನೋವು ನಿವಾರಕ ಔಷಧಿ ತೆಗೆಯಲು ಅಫ್ಯೋನ್ ಪ್ರಾಂತ್ಯದ ಬೊಲ್ವಾದಿನ್‌ನಲ್ಲಿ ಕಾರ್ಖಾನೆ ಕಟ್ಟಿದರು, 1981ರಲ್ಲಿ ಅದು ಕೆಲಸ ಆರಂಭಿಸಿತು. ಕಾಳಸಂತೆಗೆ ಹೋಗುತ್ತಿದ್ದ ಟರ್ಕಿಯ ಅಫೀಮು ಬಹುಮಟ್ಟಿಗೆ ನಿಂತೇ ಹೋಯಿತು. ಪ್ರತಿವರ್ಷ ಎಷ್ಟು ಹೊಲಗಳನ್ನು ಸುಟ್ಟೆವು ಎಂದು ತೋರಿಸಲು ಅಲ್ಲಿನ ಅಧಿಕಾರಿಗಳ ಬಳಿ ದೊಡ್ಡ ಅಂಕಿಯೇನೂ ಉಳಿಯಲಿಲ್ಲ, ಅದರಿಂದ ಅವರಿಗೆ ನಷ್ಟವೂ ಆಗಲಿಲ್ಲ. ಅಫ್ಯೋನ್‌ನ ರೈತರು ಇವತ್ತಿಗೂ ಗಸಗಸೆ ಬಿತ್ತುತ್ತಾರೆ, ಪರವಾನಗಿ ನವೀಕರಿಸುತ್ತಾರೆ, ಸರ್ಕಾರ ಕೊಡುವ ಖರೀದಿ ಬೆಲೆ ಸಾಲದು ಎಂದು ಜಗಳವಾಡುತ್ತಾರೆ.